ಕರೆಯಲು ಯಾರು ಹೋಗಬೇಕು

ಜನವರಿ ೬, ಸೋಮವಾರ

ಸಿಮೆಂಟ್ ಫ್ಯಾಕ್ಟರಿಯಲ್ಲಿ ಹೊಸ ವರ್ಷದ ಡೈರಿ ಹಂಚಿದರು. ಪ್ಯಾಕಿಂಗ್ ಸೆಕ್ಷನ್ನಿನ ನಮಗೆ ಯಾವಾಗಲೂ ಕೊನೆಗೆ ಸಿಗುತ್ತದೆ, ಅದೂ ರಟ್ಟು ಮುದುಡಿದ್ದು. ಹೋದ ವರ್ಷದ್ದನ್ನು ನನ್ನ ಹೆಂಡತಿ ತನಗೆ ಬೇಕೆಂದು ಕಸಿದುಕೊಂಡು, ಮೊದಲ ಹಾಳೆಯಲ್ಲಿ ಒಂದು ರಂಗೋಲಿ ಬಿಡಿಸಿ, ಅಲ್ಲಿಗೇ ಬಿಟ್ಟಿದ್ದಳು. ಈ ಸಲ ಕಸಿಯುವವರು ಇಲ್ಲ. ಬರೆಯಲು ವಿಶೇಷವೂ ಇಲ್ಲ.

ಆದದ್ದಿಷ್ಟು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಭಾಗ್ಯಜ್ಯೋತಿಯನ್ನು ಅವರಪ್ಪ ಆಡಕಿಗೆ ಕರೆದುಕೊಂಡು ಹೋದರು. ಡಿಸೆಂಬರಿನಲ್ಲಿ ಹೆರಿಗೆಯಾಯಿತು. ಮಗು ಉಸಿರಿಲ್ಲದೆ ಹುಟ್ಟಿತು. ನಾನು ವಾಡಿಯಿಂದ ಹೋಗುವಷ್ಟರಲ್ಲಿ ಮಾವ ಅಮೃತಪ್ಪನವರು ಹೊಲದಲ್ಲಿ ಮಣ್ಣು ಮಾಡಿ ಬಂದು ಕೈಕಾಲು ತೊಳೆಯುತ್ತಿದ್ದರು. ಮರುದಿನ ನಾನು ತಿರುಗಿ ಬಂದು ಬಿ ಶಿಫ್ಟಿಗೆ ಹೋದೆ.

ಅಳು ಬಂದಿಲ್ಲ. ಬರಬೇಕಿತ್ತೇನೋ.

ಜನವರಿ ೭, ಮಂಗಳವಾರ

ಡ್ಯೂಟಿ. ಚೀಲ, ಧೂಳು, ಚೀಲ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಅವ್ವ ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ ಮಾಡಿದಳು. ಚೆನ್ನಾಗಿದೆ ಎಂದೆ.

"ಉಪ್ಪೇ ಹಾಕಿಲ್ಲ ಅದಕ್ಕ, ಚಂದ ಆಗ್ಯಾದಂತ," ಎಂದು ಉಪ್ಪಿನ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದಳು.

ಊಟ ಆದ ಮೇಲೆ ಅದೇ ಮಾತು ತೆಗೆದಳು. ಸೊಸೆಯನ್ನು ಕರೆಯಲು ಯಾರು ಹೋಗಬೇಕು? ನಮ್ಮಲ್ಲಿ ಪದ್ಧತಿ ಇದೆ. ಐದನೆಯ ತಿಂಗಳಿಗೆ ಗಂಡನ ಮನೆಯ ಹೆಂಗಸರು ಕೂಸಿಗೆ ಕುಲಾಯಿ, ಬಾಣಂತಿಗೆ ಸೀರೆ-ಕುಬಸ ಹಿಡಿದು ಹೋಗಿ ಇಬ್ಬರನ್ನೂ ಕರೆತರಬೇಕು. ಕರೆಯಲು ಬಾರದೆ ಹೆಣ್ಣು ತವರಿನಿಂದ ತಾನಾಗಿ ಹೊರಡುವುದಿಲ್ಲ. ತಾವಾಗಿ ಕಳಿಸಿದರೆ ಮಗಳನ್ನು ತಳ್ಳಿದಂತೆ ಎಂದು ತವರಿನವರೂ ಕಳಿಸುವುದಿಲ್ಲ. ಕೂಸೇ ಇಲ್ಲದಿದ್ದರೆ ಯಾರು ಹೋಗಬೇಕು, ಯಾವಾಗ ಹೋಗಬೇಕು, ಇದನ್ನು ಮಾತ್ರ ಯಾರೂ ಹೇಳಿಟ್ಟಿಲ್ಲ.

"ಬರಿಗೈಲೆ ಹೋದ್ರ ಅಕಿ ಎದಿ ಒಡೀತದ," ಎಂದಳು ಅವ್ವ. "ಕೈ ತುಂಬ ಒಯ್ದ್ರ ಇನ್ನಾ ಒಡೀತದ. ನಾ ಹ್ಯಾಂಗ್ ಹೋಗ್ಲಿ? ಅವರಾಗೇ ಏನರ ಅನ್ಲಿ, ನೋಡಮು."

ಸರಿ ಎಂದೆ. ಹೋಗಿ ಅವಳ ಮುಂದೆ ಕೂತು ನಾನಾದರೂ ಏನು ಹೇಳಲಿ? ನನ್ನ ಬಳಿ ಹೇಳುವಂಥದ್ದು ಏನೂ ಇಲ್ಲ.

ಜನವರಿ ೧೯, ಭಾನುವಾರ

ರಜೆ. ಬೆಳಿಗ್ಗೆ ಎದ್ದವನು ಕಟ್ಟೆಯ ಮೇಲೆ ಕೂತಿದ್ದೆ. ಪ್ರತಿ ರಜೆಗೂ ಅಲ್ಲೇ ಕೂರುತ್ತೇನೆ, ಓಣಿಯವರೆಲ್ಲ ನನ್ನನ್ನು ಬಳಸಿಕೊಂಡು ಹೋಗಲು ಕಲಿತಿದ್ದಾರೆ. ಮಶಾಕ ಕಾಕಾ ಮಾತ್ರ ಗಾಡಿ ನಿಲ್ಲಿಸಿದ. ಈಗ ಅವನದು ವೆಲ್ಡಿಂಗ್ ಅಂಗಡಿ. ಮೊದಲು ಶಹಾಬಾದಿನ ಫರಸಿ ಖಣಿಗಳಲ್ಲಿ ಕಲ್ಲು ಎಬ್ಬಿಸುತ್ತಿದ್ದ.

"ಏ ಶಿವರಾಯಾ, ಕಟ್ಟಿ ಸವದು ಹೋದೀತು. ಏಳು, ಗಾಡಿ ಮ್ಯಾಲ ಕುಂದ್ರು."

ಎಲ್ಲಿಗೆ ಎಂದು ಕೇಳಲಿಲ್ಲ. ಅವನು ಹೇಳಲೂ ಇಲ್ಲ. ಶಹಾಬಾದಿನ ದಾರಿಯಲ್ಲಿ ಕೆಲಸ ನಿಂತು ಹೋದ ಹಳೆಯ ಖಣಿಯೊಂದರ ಹತ್ತಿರ ಇಳಿಸಿದ. ಸುತ್ತಲೂ ಒಡೆದ ಫರಸಿಯ ಗುಡ್ಡೆ, ಅದರ ಮೇಲೆಲ್ಲ ಬಳ್ಳಾರಿ ಜಾಲಿ. ಚೀಲದಿಂದ ಬಲೆ ತೆಗೆದು ಎರಡು ಗಿಡಗಳ ನಡುವೆ ಮೊಣಕಾಲೆತ್ತರಕ್ಕೆ ಕಟ್ಟಿದ. ನಾವು ಅದರ ಹಿಂದೆ ಕೂತೆವು. ಎರಡೂ ಅಂಗೈಗಳನ್ನು ಬಾಯಿಗೆ ಬೊಗಸೆ ಮಾಡಿ ಕಾಕಾ ಕೂಗಿದ. ಕತೀತರ್, ಕತೀತರ್. ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯನ ಬಾಯಿಂದ ಥೇಟ್ ಕೌಜುಗದ ಕೂಗು ಹೊರಟಿತು; ಅವನು ಅದಕ್ಕೆ ತೀತರ್ ಎನ್ನುತ್ತಾನೆ. ಖಣಿಯ ಆ ಕಡೆಯಿಂದ ನಿಜವಾದ ಹಕ್ಕಿ ಜವಾಬು ಕೊಟ್ಟಿತು.

ಹಕ್ಕಿ ಬಲೆಗೆ ಬೀಳಲಿಲ್ಲ. ನಾನು ಕೆಮ್ಮಿದೆನಂತೆ. ದಾರಿಯುದ್ದಕ್ಕೂ ಬೈದ.

ಜನವರಿ ೨೬, ಭಾನುವಾರ

ಮತ್ತೆ ಹೋದೆ. ಅವ್ವನಿಗೆ ಹೇಳಲಿಲ್ಲ. ಇದು ಕಾನೂನಿಗೆ ವಿರುದ್ಧ, ಫಾರೆಸ್ಟಿನವರು ಹಿಡಿದರೆ ಇಬ್ಬರೂ ಒಳಗೆ. ಕಾಕಾನಿಗೂ ಗೊತ್ತು, ನನಗೂ ಗೊತ್ತು. ಅವನಿಗೆ ನಾಲಿಗೆಯ ಚಪಲ. ಮಾಂಸ ಮುಟ್ಟದ ನನಗೆ ಏನೆಂದು ಗೊತ್ತಿಲ್ಲ.

ಇವತ್ತು ನನಗೂ ಕೂಗಲು ಕಲಿಸಿದ. ಉಸಿರು ಗಂಟಲಿನದಲ್ಲ, ಹೊಟ್ಟೆಯದು ಬೇಕು. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಬಡಿಯಬೇಕು. ಮೊದಲು ಸಣ್ಣಗೆ ಕ್ಕ, ಕ್ಕ ಎಂದು ಶುರು ಮಾಡಿ ಆಮೇಲೆ ದನಿ ಎತ್ತಬೇಕು. ನನ್ನ ಬಾಯಿಂದ ಬಂದದ್ದು ಹಳೆಯ ಸೈಕಲ್ ಪಂಪಿನ ಸದ್ದು.

"ತೀತರ್ ಬ್ಯಾಡ, ಪಂಚರ್ ಹಾಕೂ ಮಂದಿ ಬಂದಾರು," ಎಂದ ಕಾಕಾ.

ಆಮೇಲೆ ಗಂಭೀರವಾಗಿ ಹೇಳಿದ: "ಒಂದ್ ಮಾತ್ ನೆಪ್ಪಿಟ್ಕೋ. ಅದು ಜವಾಬ್ ಕೊಡೂ ತನಕ ಅಷ್ಟೇ ಕರೀಬೇಕು. ಜವಾಬ್ ಬಂತೋ, ನೀ ಚುಪ್. ಚುಪ್ ಅಂದ್ರ ಚುಪ್. ತಡೀಲಾರದ ತಾನೇ ಬರ್ತದ."

ಫೆಬ್ರವರಿ ೪, ಮಂಗಳವಾರ

ಪ್ಯಾಕಿಂಗ್ ಮಷೀನಿನ ಸದ್ದಿನಲ್ಲಿ ಯಾರಿಗೂ ಏನೂ ಕೇಳುವುದಿಲ್ಲ. ಮಾಸ್ಕಿನೊಳಗೇ ಶಿಫ್ಟ್ ಪೂರ್ತಿ ಕೂಗು ಅಭ್ಯಾಸ ಮಾಡಿದೆ. ಸೂಪರ್‌ವೈಸರ್ ಬಂದು ಹಲ್ಲು ನೋವೇ ಎಂದು ಕೇಳಿದ.

ಫೆಬ್ರವರಿ ೯, ಭಾನುವಾರ

ಇವತ್ತು ನನ್ನ ಕೂಗಿಗೆ ಹಕ್ಕಿ ಜವಾಬು ಕೊಟ್ಟಿತು. ದೂರದಿಂದ, ಒಂದೇ ಸಲ. ಕಾಕಾ ನನ್ನ ಬೆನ್ನಿಗೆ ಗುದ್ದಿದ. ನಾನು ಚುಪ್ ಆದೆ. ಹಕ್ಕಿ ಬರಲಿಲ್ಲ, ಆದರೂ ಪರವಾಗಿಲ್ಲ ಎನಿಸಿತು.

ಸಂಜೆ ಭಾಗ್ಯಜ್ಯೋತಿಯಿಂದ ಮೊಬೈಲಿಗೆ ಮೆಸೇಜು ಬಂತು. ಊಟ ಆಯ್ತೇನ್ರಿ, ಎಂದು. ಆಯ್ತು ಎಂದು ಹಾಕಿದೆ. ಅತ್ತಿ ಆರಾಮ ಅದಾರೇನ್ರಿ, ಎಂದು ಮತ್ತೆ ಕೇಳಿದಳು. ಬರೆಯಲು ಹೋದವನು ಕೈ ತಡೆದೆ. ಜವಾಬು ಬಂದ ಮೇಲೆ ಸುಮ್ಮನಿರಬೇಕು. ತಾನಾಗಿ ಬರುತ್ತಾಳೆ.

ಫೆಬ್ರವರಿ ೧೨, ಬುಧವಾರ

ಅವಳು ಏನೋ ಕಳಿಸಿ ತಾನೇ ಅಳಿಸಿದ್ದಾಳೆ. ಅಳಿಸಿದ ಗುರುತು ಮಾತ್ರ ಇದೆ. ಏನಿತ್ತೋ. ಕೇಳಲಿಲ್ಲ.

ಫೆಬ್ರವರಿ ೧೬, ಭಾನುವಾರ

ಮೊದಲ ಹಕ್ಕಿ ಬಿತ್ತು. ಕರೆದವನು ನಾನೇ.

ಜವಾಬು ಕೊಟ್ಟ ಸ್ವಲ್ಪ ಹೊತ್ತಿಗೆ ಜಾಲಿಯ ಬುಡದಿಂದ ಓಡುತ್ತ ಬಂತು, ತಲೆ ಬಗ್ಗಿಸಿಕೊಂಡು, ಏನೋ ಜರೂರು ಕೆಲಸ ಇರುವವರ ಹಾಗೆ. ನೇರ ಬಲೆಗೆ ನುಗ್ಗಿತು. ಕಾಕಾ ಬಿಡಿಸಿ ನನ್ನ ಕೈಗೆ ಕೊಟ್ಟು ಚಾಕು ಹುಡುಕಿದ. ಬೆಚ್ಚಗಿತ್ತು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ನನ್ನ ಬೆರಳುಗಳೂ ಅದರ ಜೊತೆ ಅಲುಗುತ್ತಿದ್ದವು. ಕಾಕಾ ಬಿಸ್ಮಿಲ್ಲಾ ಹೇಳಿದ. ಆಮೇಲೆ ಅಲುಗಲಿಲ್ಲ.

ನನಗೇನೂ ಅನಿಸಲಿಲ್ಲ. ಕೊಂದವನು ಅವನು, ತಿನ್ನುವವನೂ ಅವನು, ನಾನು ಕರೆದೆ ಅಷ್ಟೇ. ಮನೆಗೆ ಬಂದು ಸ್ನಾನ ಮಾಡಿದೆ. ಉಂಡ ಮೇಲೆ ಇನ್ನೊಮ್ಮೆ ಮಾಡಿದೆ.

ಅವ್ವನಿಗೆ ಹೇಗೋ ತಿಳಿದಿದೆ. ಅಂಗಿಗೆ ಅಂಟಿದ್ದ ಒಂದು ಗರಿಯನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲಾಚೆ ಬಿಟ್ಟಳು. "ಕೊರಳಾಗ ಲಿಂಗ ಅದ, ಖಬರ್ ಅದ ಇಲ್ಲೋ?" ಎಂದಳು. "ಹೆಂಡ್ತಿ ಅಲ್ಲಿ ಗ್ವಾಡಿ ನೋಡ್ಕೋತ ಕುಂತಾಳ, ಇವ ಇಲ್ಲಿ ಹಕ್ಕಿ ಕರ್ಕೋತ ಕುಂತಾನ."

ಇದ್ದಾಳಾ ಗೋಡೆ ನೋಡಿಕೊಂಡು? ಅವ್ವನಿಗೆ ಯಾರು ಹೇಳಿದರೋ.

ಫೆಬ್ರವರಿ ೨೬, ಬುಧವಾರ

ಶಿವರಾತ್ರಿ, ಉಪವಾಸ. ಮಧ್ಯಾಹ್ನ ಮಾವ ಅವ್ವನಿಗೆ ಫೋನ್ ಮಾಡಿದರು. ಅವ್ವನ ಕಿವಿ ಮಂದ. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿದೆ.

"ಉಗಾದಿ ತನಕ ನೋಡ್ತೀನ್ರಿ ಬೀಗ್ತಿಯವ್ರೆ," ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಯಾರೂ ಕರೀಲಿಕ್ಕ ಬರ್ಲಿಲ್ಲಂದ್ರ ನಮ್ಮ ಹುಡುಗಿ ನಿಮಗ ಬ್ಯಾಡಾಗ್ಯಾಳಂತ ತಿಳ್ಕೋತೀನಿ. ಹಬ್ಬ ಆದ ಮ್ಯಾಲ ಗಾಡಿ ತಂದು ಅಕಿ ಸಾಮಾನ ಒಯ್ತೀನಿ. ಜಗಳ ಬ್ಯಾಡ್ರಿ, ಮಂದಿ ಕೂಡ್ಸೂದೂ ಬ್ಯಾಡ."

ಫೋನ್ ಇಟ್ಟ ಮೇಲೂ ಅವ್ವ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ನಾನು ಎರಡು ಬಾಳೆಹಣ್ಣು ತಿಂದೆ. ಸಾಮಾನು ಎಂದರೆ ಅಲಮಾರಿ, ಹೊಲಿಗೆ ಮಷೀನು, ಕನ್ನಡಿ. ಅವು ಹೋದರೆ ಕೋಣೆ ಎಷ್ಟು ದೊಡ್ಡದಾಗಿ ಕಾಣಬಹುದೆಂದು ಯೋಚಿಸಿದೆ. ಯೋಚಿಸಬಾರದಿತ್ತು.

ಮಾರ್ಚ್ ೨, ಭಾನುವಾರ

ರಂಜಾನ್ ಶುರು. ಕಾಕಾ ಬಲೆ ತೊಳೆದು ಮಾಳಿಗೆಯ ಮೇಲೆ ಹರವಿದ್ದಾನೆ. "ರೋಜಾ ಮುಗಿಯೂ ತನಕ ಬ್ಯಾಟಿ ಬಂದ್," ಎಂದ.

ಸೈಕಲ್ ತೆಗೆದುಕೊಂಡು ನಾನೊಬ್ಬನೇ ಹೋದೆ. ಬಲೆ ಇಲ್ಲ, ಏನಿಲ್ಲ. ಯಾಕೆ ಹೋದೆ ಎಂದು ಯಾರಾದರೂ ಕೇಳಿದ್ದರೆ ಬಾಯಿ ಬಾಯಿ ಬಿಡುತ್ತಿದ್ದೆ ಅಷ್ಟೇ. ದಿನವಿಡೀ ಜವಾಬು ಬರಲಿಲ್ಲ.

ಮಾರ್ಚ್ ೯, ಭಾನುವಾರ

ಇವತ್ತಿನದು ಸ್ವಲ್ಪ ವಿವರವಾಗಿ ಬರೆಯಬೇಕು.

ಬಿಸಿಲೇರುವ ಮೊದಲೇ ಖಣಿಯ ಅಂಚಿನಲ್ಲಿ ಕೂತು ಕರೆದೆ. ತಕ್ಷಣ ಜವಾಬು ಬಂತು. ಚುಪ್ ಆದೆ. ಮತ್ತೆ ಕೂಗಿತು, ಈ ಸಲ ಹತ್ತಿರದಿಂದ. ಆಮೇಲೆ ಫರಸಿಯ ಚೂರುಗಳ ಮೇಲೆ ಉಗುರಿನ ಸದ್ದು. ಬಂದೇ ಬಿಟ್ಟಿತು. ತಡೆಯಲು ಬಲೆ ಇಲ್ಲದ್ದರಿಂದ ನನ್ನ ಚಪ್ಪಲಿಯ ತನಕ ಬಂತು. ಕೊರಳ ಗರಿಯೆಲ್ಲ ಉಬ್ಬಿಸಿಕೊಂಡು ಆ ಕಡೆ ನೋಡಿತು, ಈ ಕಡೆ ನೋಡಿತು, ನೆಲ ಕೆದರಿತು. ಯಾರನ್ನೋ ಹುಡುಕುತ್ತಿತ್ತು. ನನ್ನನ್ನು ಕಲ್ಲೆಂದುಕೊಂಡಿರಬೇಕು. ಮೂಗಿನ ಮೇಲೆ ನೊಣ ಕೂತರೂ ನಾನು ಅಲುಗಲಿಲ್ಲ.

ಅದರ ಹಿಂದೆಯೇ ಹೆಣ್ಣು ಬಂತು, ನಿಧಾನವಾಗಿ, ಕಾಳು ಹೆಕ್ಕುತ್ತ. ಗಂಡು ಹುಡುಕಿ ಹುಡುಕಿ ಸಾಕಾಗಿ ಒಂದು ಫರಸಿಯ ಮೇಲೆ ಹತ್ತಿ ಕೂಗಿತು. ಅರ್ಧಕ್ಕೆ ಹೆಣ್ಣೂ ದನಿ ಸೇರಿಸಿತು. ಅಷ್ಟು ಹತ್ತಿರದಿಂದ ಕೇಳಿದರೆ ಕಿವಿ ಗುಂಯ್ ಎನ್ನುತ್ತದೆ. ಆಮೇಲೆ ಎರಡೂ ಒಟ್ಟಿಗೆ ಜಾಲಿಯೊಳಗೆ ಹೋದವು.

ಎದೆಯಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಬೆಳಿಗ್ಗೆ ತಿಂದಿದ್ದ ಸುಸಲಾ ಇರಬೇಕು. ನೀರು ಕುಡಿದೆ. ಹೋಗಲಿಲ್ಲ.

ಮಾರ್ಚ್ ೧೫, ಶನಿವಾರ

ಅವ್ವ ಬಡಿಗನ ಮನೆಗೆ ಹೋಗಿ, ಬಣ್ಣ ಹಚ್ಚಲು ಕೊಟ್ಟಿದ್ದ ತೊಟ್ಟಿಲು ಅಲ್ಲೇ ಇರಲಿ ಎಂದು ಹೇಳಿ ಬಂದಳು. ಬಂದು ಮಲಗಿಬಿಟ್ಟಳು. ಅಡುಗೆ ನಾನು ಮಾಡಿದೆ. ಅನ್ನ ಮುದ್ದೆಯಾಯಿತು. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೩, ಭಾನುವಾರ

ಖಣಿಗೆ ಹೋಗಲಿಲ್ಲ. ಕಾಕಾನ ಅಂಗಡಿಗೆ ಹೋದೆ. ಗೇಟೊಂದಕ್ಕೆ ಬೆಸುಗೆ ಹಾಕುತ್ತಿದ್ದ. ರೋಜಾದ ಸುಸ್ತಿಗೆ ಮುಖ ಬಾಡಿತ್ತು. ಉಗಾದಿ ಮುಂದಿನ ಭಾನುವಾರ ಎಂದೆ. ಮಾವನ ಫೋನಿನ ವಿಷಯ ಹೇಳಿದೆ. ಭಾಗ್ಯಜ್ಯೋತಿ ಎರಡು ಮಾತು ಕೇಳಿದ್ದಳು, ಜವಾಬು ಬಂದ ಮೇಲೆ ನಾನು ಚುಪ್ ಇದ್ದೇನೆ, ತಿಂಗಳು ದಾಟಿತು, ಇನ್ನೂ ಬಂದಿಲ್ಲ ಎಂದೂ ಹೇಳಿದೆ.

ಕಾಕಾ ಕಣ್ಣಿನ ಗ್ಲಾಸು ತೆಗೆದ.

"ಯಾಕ್ ಚುಪ್ ಇದ್ದಿ?"

"ನೀನೇ ಹೇಳಿದ್ದೆಲ್ಲ ಕಾಕಾ."

"ಏ ಹುಚ್ಚಪ್ಯಾಲಿ," ಎಂದ. "ರೋಜಾದಾಗ ಬೈಬಾರ್ದಂತ ಬಾಯಿ ಕಟ್ಕೊಂಡೀನಿ, ಇಲ್ಲಂದ್ರ ನಿನ್ನ ನೆಟ್ಟಗ ಮಾಡ್ತಿದ್ದೆ. ತೀತರ್ ಯಾಕ್ ಬರ್ತದಂತ ಮಾಡಿದಿ? ಪ್ರೀತಿಗೇನ್? ತನ್ನ ಜಾಗಾದಾಗ ಯಾವನೋ ಬಂದು ಒದರ್ಲಿಕತ್ತಾನ, ಬಡದು ಓಡಸ್ಬೇಕಂತ ಬರ್ತದ. ನೀ ಚುಪ್ ಆದ್ರ, ಎಲ್ಲಿ ಅಡಗ್ಯಾನ ನೋಡಮು ಅಂತ ಹುಡ್ಕೋತ ಬರ್ತದ. ಅದು ಜಗಳದ ಹಕ್ಕಿ. ಹೆಂಡ್ತಿ ಕೂಡ ಹಾಂಗ್ ಮಾಡ್ತಾರೇನ್? ಪಾಪ, ಅಕಿ ಊಟ ಆಯ್ತೇನಂತ ಕೇಳ್ಯಾಳ. ನೀ ಚುಪ್. ಅಕಿ ಏನಂತ ತಿಳ್ಕೋಬೇಕು?"

ಗ್ಲಾಸು ಹಾಕಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದ. ನಾನು ಅಲ್ಲೇ ನಿಂತಿದ್ದೆ.

"ಬೆಂಕಿ ನೋಡಬ್ಯಾಡ, ಕಣ್ಣು ಹೋಗ್ತಾವ," ಎಂದ ತಲೆ ಎತ್ತದೆ. "ಹೋಗು, ಕರ್ಕೊಂಡ್ ಬಾ."

ಮಾರ್ಚ್ ೨೮, ಶುಕ್ರವಾರ

ನಾಳೆ ಹೋಗುತ್ತೇನೆ ಎಂದು ಅವ್ವನಿಗೆ ಹೇಳಿದೆ.

"ನಾಳಿ ಅಮಾಸಿ. ಅಮಾಸಿ ದಿನ ಸೊಸಿಗಿ ಕರೀಲಿಕ್ಕ ಹೋಗ್ತಾರೇನ್?"

"ನಾಡಿದ್ದು ಉಗಾದಿ. ಆಮ್ಯಾಲ ಮಾವ ಗಾಡಿ ತರ್ತಾರ."

ಅವ್ವ ಸಂಜೆಯೆಲ್ಲ ಒಲೆಯ ಮುಂದೆ ಕೂತು ಶೇಂಗಾ ಹೋಳಿಗೆ ಮಾಡಿ ಬಟ್ಟೆಯಲ್ಲಿ ಕಟ್ಟಿದಳು. "ತಿನ್ನೂದು ಒಯ್ದ್ರ ಬರಿಗೈನೂ ಅಲ್ಲ, ತುಂಬಿದ ಕೈನೂ ಅಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು.

ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ.

ಮಾರ್ಚ್ ೩೧, ಸೋಮವಾರ

ಡೈರಿ ಒಯ್ದಿರಲಿಲ್ಲ. ಎಲ್ಲವನ್ನೂ ಈಗ ಬರೆಯುತ್ತಿದ್ದೇನೆ.

ಶನಿವಾರ ಪ್ಯಾಸೆಂಜರಿಗೆ ಸೇಡಂ, ಅಲ್ಲಿಂದ ಟಂಟಂ ಹಿಡಿದು ಆಡಕಿ. ಮಾವ ಕಟ್ಟೆಯ ಮೇಲಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಆಮೇಲೆ ಆಕಾಶ ನೋಡಿದರು.

"ಅಮಾಸಿ ದಿನ ಬಂದ್ರೆಲ್ಲ," ಎಂದರು. "ಬರ್ರಿ, ಕುಂದ್ರಿ."

ಕಾಲಿಗೆ ನೀರು ಕೊಟ್ಟರು. ಅತ್ತೆ ಬಂದು ಹೋಳಿಗೆಯ ಗಂಟು ತೆಗೆದುಕೊಂಡು, ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು. ಪದ್ಧತಿಯಂತೆ ನಾನು ಮಾವನಿಗೆ ಹೇಳಬೇಕು, ಮಗಳನ್ನು ಕಳಿಸಿಕೊಡಿ ಎಂದು. ಅವರು ಮಗಳನ್ನು ಕೇಳಬೇಕು. ನಾನು ಒರೆಸಿದ ಕಾಲನ್ನೇ ಮತ್ತೆ ಒರೆಸುತ್ತ ಕೂತೆ. ಮಳೆ, ತೊಗರಿ, ನಮ್ಮ ಫ್ಯಾಕ್ಟರಿ, ಎಲ್ಲವನ್ನೂ ಅವರೇ ಕೇಳಿದರು, ಅವರೇ ಉತ್ತರಿಸಿಕೊಂಡರು. ಕೊನೆಗೆ ಅವರ ಮಾತೂ ಮುಗಿಯಿತು. ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಆ ಬಡಿತ ಅವಳದೇ ಎಂದು ನನಗೆ ಗೊತ್ತು.

"ಭಾಗ್ಯಜ್ಯೋತಿ," ಎಂದು ಕರೆದೆ.

ಹಿರಿಯರ ಮುಂದೆ ಅವಳ ಹೆಸರು ಹಿಡಿದು ನಾನು ಯಾವತ್ತೂ ಕರೆದವನಲ್ಲ. ಮಾವ ನೆಲ ನೋಡಿದರು. ರೊಟ್ಟಿಯ ಸದ್ದು ನಿಂತಿತು. ಅವಳು ಬರಲಿಲ್ಲ. ಇನ್ನೊಮ್ಮೆ ಕರೆದೆ. ಬರಲಿಲ್ಲ. ಮತ್ತೆ ಕರೆದೆ. ನಾಚಿಕೆಯಿಂದ ಕಿವಿ ಬಿಸಿಯಾದರೂ ಬಿಡಲಿಲ್ಲ. ಓಣಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ಇಣುಕಿ ನೋಡಿ ಹೋದರು. ಇನ್ನು ಸಾಕು ಎಂದು ಮಾವ ಎದ್ದು ದನದ ಕಡೆ ಹೋದರು.

ಆಗ ಬಂದಳು. ಕೈಯೆಲ್ಲ ಹಿಟ್ಟು. ತೆಳ್ಳಗಾಗಿದ್ದಾಳೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಯಾಕ್ರಿ ಅಷ್ಟು ಕೂಗ್ತೀರಿ? ನಾ ಕಿವುಡಿ ಅಲ್ಲ."

"ಕರೀಲಿಕ್ಕ ಬಂದೀನಿ," ಎಂದೆ.

"ಈಗ ಬಂದ್ರಿ." ಕೈಯ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಉಜ್ಜಿ ತೆಗೆದಳು. "ಬಾ ಅಂದ್ರ ಬರ್ತೀನ್ರಿ. ಅದಕ್ಕಲ್ಲ ನನಗ ಸಿಟ್ಟು. ಅವ್ವ ನೋಡ್ಯಾಳ, ಅಪ್ಪ ನೋಡ್ಯಾನ, ದವಾಖಾನಿ ಆಯಾ ಸುದ್ದಾ ನೋಡ್ಯಾಳ. ನೀವು ಬಂದು ಹೋದ್ರಿ. ಒಮ್ಮೆರ ಕೇಳಿದ್ರೇನು ನನಗ, ಕೂಸು ಹ್ಯಾಂಗಿತ್ತಂತ?"

ಇಲ್ಲ, ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ.

"ಹ್ಯಾಂಗಿತ್ತು?" ಎಂದೆ.

ಅವಳು ಹೊಸ್ತಿಲ ಈಚೆ ಬಂದು ನನ್ನ ಪಕ್ಕ ಕೂತಳು. ಹೆಣ್ಣು, ಎಂದಳು. ತಲೆ ತುಂಬ ಕೂದಲು. ಬಣ್ಣ ನಿಮ್ಮವ್ವನದು. ಕಿವಿ ನಿಮ್ಮವೇ, ಹೀಗೆ ಹೊರಗೆ ಚಾಚಿದ್ದವು, ನೋಡಿದವರೆಲ್ಲ ಅಂದರು. ಅವಳು ತೋರಿಸಲೆಂದು ನನ್ನ ಕಿವಿ ಮುಟ್ಟಿದಳು. ನನಗೆ ಅಳು ಬಂತು. ಹೆಂಗಸರ ಮುಂದೆ, ಮಾವ ದನಕ್ಕೆ ಮೇವು ಹಾಕುತ್ತಿರುವಾಗ, ಹಗಲು ಬೆಳಕಿನಲ್ಲಿ ಅತ್ತುಬಿಟ್ಟೆ. ನಿಲ್ಲಿಸಲು ಆಗಲಿಲ್ಲ. ಅವಳು ಅಳಲಿಲ್ಲ. ತನ್ನದು ಎಂದೋ ಮುಗಿದಿದೆ ಎಂದಳು.

ಭಾನುವಾರ ಅಲ್ಲೇ ಉಗಾದಿ ಮಾಡಿದೆವು. ಇವತ್ತು ಬೆಳಿಗ್ಗೆ ಮಾವ ಸೇಡಂ ಸ್ಟೇಷನ್ನಿನ ತನಕ ಬಂದು ಇಬ್ಬರನ್ನೂ ರೈಲಿಗೆ ಹತ್ತಿಸಿದರು.

ಚಿತ್ತಾಪುರ ದಾಟುವ ತನಕ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನಾನು ಕೇಳಿರಲಿಲ್ಲ, ತಾನಾಗಿಯೇ ಹೇಳಿದಳು: "ಕೂಸಿಗಿ ನನ್ನ ಮಗ್ಗಲಕ ತಂದಿಟ್ರು ನೋಡ್ರಿ, ಆಗ ಉಸರಿಲ್ಲಂತ ನನಗಿನ್ನಾ ಯಾರೂ ಹೇಳಿರ್ಲಿಲ್ಲ. ಬೆರಳಿನ ಉಗುರು ಉದ್ದ ಬೆಳದಿದ್ವು. ಮನಿಗಿ ಹೋದ ಮ್ಯಾಲ ನೀವು ಕೈ ಹಿಡ್ಕೊಂಡ್ರ ನಾ ಕತ್ತರಸ್ಬೇಕು, ಇಲ್ಲಂದ್ರ ಮಾರಿ ಪರಚ್ಕೋತದ ಅಂದ್ಕೊಂಡೆ."